ಒಂದು ಬೆರಳಿನ ಜಾಗ

ಈಚೆಗೆ ನಾನು ಓದಿದ ಹೈಸ್ಕೂಲಿನಿಂದ ಒಂದು ಫೋನು ಬಂತು. ಸಾಲಿಯದು ಏನೋ ಸಮಾರಂಭವಂತೆ, ಹಳೆಯ ಮಾಸ್ತರರ ನೆನಪಿಗೆ ಪುಸ್ತಕ ಮಾಡುತ್ತಾರಂತೆ, ನಮಗೆ ಇಂಗ್ಲಿಷ್ ಕಲಿಸಿದ ಸರ್ ಬಗ್ಗೆ ನಾನು ಎರಡು ಪುಟ ಬರೆದುಕೊಡಬೇಕಂತೆ. ನೀವೂ ಇಂಗ್ಲಿಷ್ ಟೀಚರ್ ಆಗಿ ನಿವೃತ್ತರಾದವರು, ಅವರ ಹೆಸರು ಉಳಿಸಿದವರು ಎಂದರು. ನಾನು ಬರೆಯುವುದಿಲ್ಲ ಎಂದೆ. ಯಾಕೆ ಎಂದು ಕೇಳಿದರು. ಇಷ್ಟು ವರ್ಷಗಳ ಮೇಲೂ ಆ ಮನುಷ್ಯನ ಮಾತು ಬಂದರೆ ನನ್ನ ಮೈ ಉರಿಯುತ್ತದೆ, ಆ ಉರಿಯಲ್ಲಿ ಅರ್ಧ ನನ್ನ ಮೇಲಿನದೇ. ಅಷ್ಟನ್ನೆಲ್ಲ ಫೋನಿನಲ್ಲಿ ಹೇಳಲಾಗಲಿಲ್ಲ. ಅದಕ್ಕೆ ಇಲ್ಲಿ ಬರೆಯುತ್ತಿದ್ದೇನೆ. ಅವರ ಪುಸ್ತಕಕ್ಕೆ ಇದು ಬೇಕಾಗುವುದಿಲ್ಲ.

ನಮ್ಮದು ನವಲಗುಂದ ತಾಲೂಕಿನ ಒಂದು ಸಣ್ಣ ಊರು. ಏಳನೆಯ ಇಯತ್ತೆಯ ತನಕ ಊರಲ್ಲೇ ಸಾಲಿ ಇತ್ತು. ಮುಂದೆ ಓದುವವರು ಎರಡು ಮೈಲು ನಡೆದು ಬಾಜೂದ ದೊಡ್ಡ ಊರಿನ ಹೈಸ್ಕೂಲಿಗೆ ಹೋಗಬೇಕು. ದಾರಿಯುದ್ದಕ್ಕೂ ಎರೆಹೊಲ, ನಡುವೆ ಒಂದು ಹಳ್ಳ. ಗಂಡುಹುಡುಗರು ಹೋಗುತ್ತಿದ್ದರು, ಬರುತ್ತಿದ್ದರು, ಫೇಲಾಗಿ ಹೊಲಕ್ಕಿಳಿಯುತ್ತಿದ್ದರು; ಅವರನ್ನು ಯಾರೂ ಏನೂ ಕೇಳುತ್ತಿರಲಿಲ್ಲ. ಹುಡುಗಿಯರು ಮಾತ್ರ ಏಳನೆಯದಕ್ಕೇ ನಿಲ್ಲಬೇಕು. ಎಪ್ಪತ್ತರ ದಶಕದಲ್ಲಿ ನಮ್ಮೂರಿಂದ ಹೈಸ್ಕೂಲಿನ ಮೆಟ್ಟಿಲು ಹತ್ತಿದ ಮೊದಲ ಹುಡುಗಿಯರು ನಾವಿಬ್ಬರು: ನಾನು, ಮತ್ತು ನಮ್ಮ ಓಣಿಯ ಕಿರಾಣಿ ಅಂಗಡಿಯವರ ಮಗಳು.

ಏಳನೆಯದರ ಪರೀಕ್ಷೆಯಲ್ಲಿ ನಾವಿಬ್ಬರೂ ಗಂಡುಹುಡುಗರನ್ನು ಹಿಂದೆ ಹಾಕಿದ್ದೆವು. ಊರ ಸಾಲಿಯ ಹೆಡ್‌ಮಾಸ್ತರರು ಎರಡೂ ಮನೆಗೆ ಬಂದು ಗಂಟುಬಿದ್ದರು. ಕಡೆಗೆ ನಮ್ಮಪ್ಪ ಮತ್ತು ಅವಳ ಅಪ್ಪ ಅಂಗಡಿಯ ಕಟ್ಟೆಯ ಮೇಲೆ ಕೂತು ಮಾತಾಡಿಕೊಂಡರು. ನಾವಿಬ್ಬರೂ ಒಳಗೆ ಬೆಲ್ಲದ ಪೆಂಟೆಗಳ ಹಿಂದೆ ನಿಂತು ಕೇಳಿಸಿಕೊಂಡೆವು. ಹಣೆತುಂಬ ವಿಭೂತಿ ಹಚ್ಚಿಕೊಂಡು ತಕ್ಕಡಿಯ ಮುಂದೆ ಕೂಡುತ್ತಿದ್ದ ಅವಳ ಅಪ್ಪ ಹೆಚ್ಚು ಮಾತಿನವರಲ್ಲ. ಅವತ್ತು ಅವರು ಆಡಿದ್ದು ಇಷ್ಟೇ.

"ಹೋಗೂದು ಜೋಡಿ, ಬರೂದು ಜೋಡಿ. ಊರಾಗ ಇವರ ಮ್ಯಾಲ ಒಂದು ಮಾತು ಬಂತಂದ್ರ ಅವತ್ತಿಗೆ ಸಾಲಿ ಮುಗೀತು."

ನಮ್ಮಪ್ಪ ಹೂಂ ಎಂದ. ಒಬ್ಬಳ ಸಾಲಿ ನಿಂತರೆ ಇನ್ನೊಬ್ಬಳದೂ ನಿಲ್ಲುತ್ತದೆ ಎನ್ನುವುದನ್ನು ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ. ಎರಡು ಮೈಲು ಒಂಟಿ ಹುಡುಗಿಯನ್ನು ಯಾರು ಕಳಿಸುತ್ತಾರೆ? ಹೀಗೆ ಅವಳ ಓದು ನನ್ನ ಕೈಯಲ್ಲಿ, ನನ್ನ ಓದು ಅವಳ ಕೈಯಲ್ಲಿ ಇತ್ತು. ಅವಳಿಗೆ ಅದು ಮೊದಲ ದಿನವೇ ತಿಳಿದಿತ್ತು. ನನಗೆ ತಿಳಿಯಲು ಮೂರು ವರ್ಷ ಬೇಕಾಯಿತು.

ಅವಳ ನೋಟ್‌ಬುಕ್ಕುಗಳ ವಿಷಯ ಹೇಳಬೇಕು. ಪೊಟ್ಟಣ ಕಟ್ಟುವುದಕ್ಕೆಂದು ಅವಳ ಅಪ್ಪ ಹುಬ್ಬಳ್ಳಿಯಿಂದ ರದ್ದಿ ತರಿಸುತ್ತಿದ್ದರು. ಅದರಲ್ಲಿ ಯಾವುದೋ ಕಚೇರಿಯ ಹಾಳೆಗಳು ಇರುತ್ತಿದ್ದವು; ಒಂದು ಮಗ್ಗುಲು ಟೈಪು ಹೊಡೆದದ್ದು, ಇನ್ನೊಂದು ಮಗ್ಗುಲು ಖಾಲಿ. ಅಂಥವನ್ನು ಆರಿಸಿ, ಅಂಚು ಸರಿಮಾಡಿ, ದಬ್ಬಳದಿಂದ ಹೊಲಿದು ಮಗಳಿಗೆ ನೋಟ್‌ಬುಕ್ ಮಾಡಿಕೊಡುತ್ತಿದ್ದರು. ಪ್ರೀತಿಯಿಂದಲೇ ಮಾಡುತ್ತಿದ್ದರು. ಆದರೆ ಖಾಲಿ ಮಗ್ಗುಲಿನ ಹಾಳೆ ಸಿಗುವುದು ಕಡಿಮೆ. ಹಾಗಾಗಿ ಅವಳು ಒತ್ತೊತ್ತಾಗಿ ಬರೆಯುವುದನ್ನು ಕಲಿತಿದ್ದಳು. ಮುತ್ತಿನಂಥ ಅಕ್ಷರ, ನೆಟ್ಟಗಿನ ಸಾಲು, ಒಂದು ಪುಟದಲ್ಲಿ ನನ್ನ ಮೂರು ಪುಟ. ಮಾತು ಮಾತಿನ ನಡುವೆ ಸೂಜಿ ಹೋಗುವಷ್ಟು ಜಾಗ ಇರುತ್ತಿತ್ತು. ನನಗೋ ಸಂತೆಯಲ್ಲಿ ಕೊಂಡ ಗೆರೆ ಹಾಕಿದ ನೋಟ್‌ಬುಕ್ಕು. ನಾನು ಹೊಲದ ಗೌಡತಿಯ ಹಾಗೆ ಧಾರಾಳವಾಗಿ ಜಾಗ ಬಿಟ್ಟು ಬರೆಯುತ್ತಿದ್ದೆ.

ಇಂಗ್ಲಿಷ್ ಸರ್ ನಾವು ಒಂಬತ್ತನೆಯದಕ್ಕೆ ಬಂದಾಗ ಬಂದರು. ಪಟ್ಟಣದವರು. ನಮ್ಮ ಭಾಗದ ಕೆಸರು, ನಮ್ಮ ರೊಟ್ಟಿ, ನಮ್ಮ ಮಾತು ಯಾವುದೂ ಅವರಿಗೆ ಸೇರುತ್ತಿರಲಿಲ್ಲ. ಬದಲಿ ಆದೇಶ ಯಾವಾಗ ಬರುತ್ತದೆ ಎಂದು ಕಾಯುತ್ತಿದ್ದರು. ಪಾಠ ಮಾಡುವುದರಲ್ಲಿ ಆಸಕ್ತಿ ಇರಲಿಲ್ಲ, ಆದರೆ ಒಂದು ಪಟ್ಟಿಯ ಹುಚ್ಚು ಇತ್ತು. ಕೂಡಿಸಿ ಬರೆದರೆ ಒಂದು ಅರ್ಥ, ಬಿಡಿಸಿ ಬರೆದರೆ ಇನ್ನೊಂದು ಅರ್ಥ ಬರುವ ಇಂಗ್ಲಿಷ್ ಮಾತುಗಳ ಪಟ್ಟಿ. ಎವ್ರಿ ಡೇ ಎಂದು ಎರಡು ಮಾತಾಗಿ ಬರೆದರೆ ದಿನಾಲೂ. ಎವ್ರಿಡೇ ಎಂದು ಒಂದೇ ಮಾತಾಗಿ ಬರೆದರೆ ದಿನಬಳಕೆಯ. ಮೇ ಬಿ ಬಿಡಿಸಿದರೆ ಇರಬಹುದು, ಕೂಡಿಸಿದರೆ ಬಹುಶಃ. ಆಲ್‌ರೆಡಿ ಕೂಡಿಸಿದರೆ ಆಗಲೇ, ಬಿಡಿಸಿದರೆ ಎಲ್ಲರೂ ತಯಾರು. ಆಲ್‌ಟುಗೆದರ್ ಕೂಡಿಸಿದರೆ ಪೂರ್ತಿಯಾಗಿ, ಬಿಡಿಸಿದರೆ ಎಲ್ಲರೂ ಒಟ್ಟಿಗೆ. ಇಂಥವು ನಲವತ್ತು ಜೋಡಿ. ಇಷ್ಟು ತಿಳಿಯದವರು ಎಮ್ಮೆ ಕಾಯಲಿಕ್ಕೆ ಲಾಯಕ್ಕು ಎನ್ನುವುದು ಅವರ ಅಭಿಪ್ರಾಯ. ಅದನ್ನು ಅವರು ವಾರಕ್ಕೊಮ್ಮೆ ಹೇಳುತ್ತಿದ್ದರು.

ಪಟ್ಟಿಯ ಮೇಲೆ ನನಗೆ ಸಿಟ್ಟಿಲ್ಲ. ನಾನೂ ಮುಂದೆ ಮೂವತ್ತು ವರ್ಷ ಅದನ್ನೇ ಕಲಿಸಿದೆ. ಗೊಂದಲ ನಿಜವಾದದ್ದು; ಇಂಗ್ಲೆಂಡಿನವರೂ ತಪ್ಪುತ್ತಾರಂತೆ. ಮನೆಯಲ್ಲಿಲ್ಲ ಎಂದು ಕೂಡಿಸಿ ಬರೆದರೂ, ಮನೆಯಲ್ಲಿ ಇಲ್ಲ ಎಂದು ಬಿಡಿಸಿ ಬರೆದರೂ, ಇಲ್ಲದವನು ಮನೆಯಲ್ಲಿ ಇರುವುದಿಲ್ಲ ಎಂದು ಗೊತ್ತಿದ್ದ ಕನ್ನಡದ ಮಕ್ಕಳಿಗೆ ಅದನ್ನು ನಿಧಾನವಾಗಿ ಹೇಳಿಕೊಡಬೇಕು, ಅಷ್ಟೇ. ಆ ಮನುಷ್ಯ ಹೇಳಿಕೊಡಲಿಲ್ಲ. ಪಟ್ಟಿಯನ್ನು ಬೋರ್ಡಿನ ಮೇಲೆ ಬರೆದು, ಬಾಯಿಪಾಠ ಮಾಡಿಕೊಂಡು ಬನ್ನಿ ಎಂದು ಕುರ್ಚಿಯಲ್ಲಿ ಕೂತರು.

ನನಗೆ ಆ ಪಟ್ಟಿ ಕಲಿಸಿದವಳು ನನ್ನ ಗೆಳತಿ. ಬೆಳಿಗ್ಗೆ ಊರು ಬಿಟ್ಟರೆ ಹಳ್ಳ ಬರುವ ತನಕ ಹತ್ತು ಜೋಡಿ, ಹಳ್ಳ ದಾಟಿ ಸಾಲಿ ಕಾಣುವ ತನಕ ಹತ್ತು ಜೋಡಿ. ಅವಳು ಬಾಯಿಪಾಠ ಮಾಡಿಸುತ್ತಿರಲಿಲ್ಲ, ನಮ್ಮದೇ ಬದುಕಿನಿಂದ ವಾಕ್ಯ ಕಟ್ಟುತ್ತಿದ್ದಳು. ಅವ್ವ ರೊಟ್ಟಿ ಬಡಿಯುವುದು ಎವ್ರಿ ಡೇ, ಬಿಡಿಸಬೇಕು. ಅವ್ವನ ಮೈಮೇಲಿನ ಮಾಸಿದ ಸೀರೆ ಎವ್ರಿಡೇ ಸೀರೆ, ಕೂಡಿಸಬೇಕು. ಬಸ್ಸು ಹೋಗಿಬಿಟ್ಟಿದ್ದರೆ ಆಲ್‌ರೆಡಿ, ಕೂಡಿಸು. ನಾವೆಲ್ಲ ತಯಾರಾಗಿ ನಿಂತೂ ಬಸ್ಸು ಬರದಿದ್ದರೆ ಆಲ್ ರೆಡಿ, ಬಿಡಿಸು. ನಾನು ತಪ್ಪಿದರೆ ಅವಳು ನಿಂತುಬಿಡುತ್ತಿದ್ದಳು. ಸರಿ ಹೇಳುವ ತನಕ ಹೆಜ್ಜೆ ಕಿತ್ತಿಡುತ್ತಿರಲಿಲ್ಲ. ಸಾಲಿಗೆ ತಡವಾಗುತ್ತದೆ ಎಂದು ನಾನು ಬೈಯುತ್ತಿದ್ದೆ. ನಿಜ ಹೇಳಬೇಕೆಂದರೆ ನಾನು ಮುಂದೆ ಉಂಡದ್ದು ಅವಳು ಕಲಿಸಿದ ಇಂಗ್ಲಿಷಿನ ಅನ್ನ.

ಸರ್ ಅವರ ಶಿಕ್ಷೆ ಹೊಡೆತ ಬಡಿತದ್ದಲ್ಲ. ಹೊಡೆದಿದ್ದರೆ ಚೆನ್ನಾಗಿತ್ತು. ವಾರಕ್ಕೊಂದು ಸಲ ಇಪ್ಪತ್ತು ವಾಕ್ಯ ಹೇಳಿ ಬರೆಸುತ್ತಿದ್ದರು. ಮೂರು ತಪ್ಪಾದವರು ನೋಟ್‌ಬುಕ್ಕನ್ನು ತೆರೆದು ಎದೆಗೆ ಹಿಡಿದುಕೊಂಡು ಹೊರಗಿನ ಪಡಸಾಲೆಯಲ್ಲಿ ಸಾಯಂಕಾಲದ ಗಂಟೆಯ ತನಕ ನಿಲ್ಲಬೇಕು. ಪಡಸಾಲೆಯ ಮುಂದೆಯೇ ರಸ್ತೆ. ರಸ್ತೆಯ ಆ ಕಡೆ ಬಸ್ಸು ನಿಲ್ಲುವ ಬೇವಿನ ಮರ, ಚಹಾದ ಅಂಗಡಿ. ಗಂಡುಹುಡುಗರು ಅಲ್ಲಿ ನಿಂತು ಬಸ್ಸಿನವರಿಗೆ ಕೈಮಾಡಿ ನಗುತ್ತಿದ್ದರು. ಅವರಿಗೆ ಅದು ತಮಾಷೆ. ಹುಡುಗಿ ನಿಂತರೆ ಏನಾಗುತ್ತದೆ ಎನ್ನುವುದು ಸುತ್ತ ಹತ್ತು ಹಳ್ಳಿಯ ಕುರಿ ಕಾಯುವವರಿಗೂ ಗೊತ್ತಿತ್ತು. ಸರ್‌ಗೆ ಗೊತ್ತಿರಲಿಲ್ಲ ಎಂದು ಆಮೇಲೆ ಯಾರೋ ಅವರ ಪರವಾಗಿ ಆಡಿದರು. ನಾನು ಒಪ್ಪುವುದಿಲ್ಲ. ಒಂಬತ್ತನೆಯದರಲ್ಲಿ ಬೇರೆ ಊರಿನ ಒಬ್ಬ ಹುಡುಗಿ ಹಾಗೆ ನಿಂತಳು, ಮರುದಿನದಿಂದ ಬರಲಿಲ್ಲ. ಅವಳ ಹೆಸರಿನ ಮುಂದೆ ಸರ್ ತಮ್ಮ ಕೈಯಾರೆ ಗೈರುಹಾಜರಿ ಹಾಕುತ್ತ ಹೋದರು.

ಹತ್ತನೆಯದರ ಸಂಕ್ರಾಂತಿ ಮುಗಿದ ಮೇಲಿನ ಮಾತು. ಎಸ್ಸೆಸ್ಸೆಲ್ಸಿ ಪರೀಕ್ಷೆಗೆ ಎರಡು ತಿಂಗಳ ಮೇಲೆ ಸ್ವಲ್ಪ ಉಳಿದಿತ್ತು. ಇಬ್ಬರ ಫಾರ್ಮೂ ತುಂಬಿ ಹೋಗಿತ್ತು. ಸರ್‌ಗೆ ಎಲ್ಲರ ನೋಟ್‌ಬುಕ್ ತಿದ್ದುವುದು ಬೇಸರವಾಗಿರಬೇಕು, ಬಾಜೂ ಕೂತವರು ಅದಲುಬದಲು ಮಾಡಿಕೊಂಡು ತಿದ್ದಿರಿ ಎಂದು ಹೊಸ ಪದ್ಧತಿ ತಂದರು. ಜೊತೆಗೆ ಎರಡು ಕಾಯಿದೆ. ಬಿಡಿಸಿ ಬರೆಯಬೇಕಾದ ಕಡೆ ಎರಡು ಮಾತಿನ ನಡುವೆ ಕಿರುಬೆರಳು ಹಿಡಿಯುವಷ್ಟು ಜಾಗ ಇರಬೇಕು, ಇಲ್ಲವೆಂದರೆ ಕೂಡಿಸಿ ಬರೆದ ಹಾಗೆಯೇ ಲೆಕ್ಕ. ಮತ್ತೆ, ತಪ್ಪು ಮುಚ್ಚಿ ಸರಿ ಗುರುತು ಹಾಕಿದವರು ಸಿಕ್ಕರೆ ಅವರೂ ಹೊರಗೆ. ಇದೇ ಸರ್ ಬೋರ್ಡಿನ ಮೇಲೆ ಬರೆಯುವಾಗ ಎರಡು ಮಾತಿನ ನಡುವೆ ಬೆರಳಲ್ಲ, ಸೀಮೆಸುಣ್ಣದ ಪುಡಿಯೂ ಹೋಗುತ್ತಿರಲಿಲ್ಲ. ಅದನ್ನು ಹೇಳುವವರು ಯಾರು?

ಅವತ್ತು ಮಂಗಳವಾರ, ಆ ಊರಿನ ಸಂತೆ. ನಾವಿಬ್ಬರೂ ಒಂದೇ ಬೆಂಚು. ಇಪ್ಪತ್ತು ವಾಕ್ಯ ಬರೆದು ಮುಗಿಸಿ ನೋಟ್‌ಬುಕ್ ಬದಲಿಸಿಕೊಂಡೆವು. ಅವಳ ರದ್ದಿಯ ನೋಟ್‌ಬುಕ್ ನನ್ನ ಮುಂದೆ, ನನ್ನ ಗೆರೆಯ ನೋಟ್‌ಬುಕ್ ಅವಳ ಮುಂದೆ. ಸರ್ ಬೆಂಚುಗಳ ನಡುವೆ ಓಡಾಡುತ್ತ ಒಂದೊಂದೇ ಉತ್ತರ ಹೇಳತೊಡಗಿದರು. ಅವಳ ಇಪ್ಪತ್ತೂ ಸರಿ ಇದ್ದವು. ಇದನ್ನು ನಾನು ಪ್ರಮಾಣ ಮಾಡಿ ಹೇಳುತ್ತೇನೆ. ಎಲ್ಲಿ ಬಿಡಿಸಬೇಕೋ ಅಲ್ಲಿ ಬಿಡಿಸಿದ್ದಳು, ತನ್ನ ಸೂಜಿಯಷ್ಟು ಜಾಗದಲ್ಲಿ. ಅವಳ ಅಕ್ಷರ ಬಲ್ಲವರಿಗೆ ಅದು ಕಾಣುತ್ತಿತ್ತು. ಅವಳ ಅಕ್ಷರವನ್ನು ನನಗಿಂತ ಬಲ್ಲವರು ಈ ಭೂಮಿಯ ಮೇಲೆ ಯಾರೂ ಇರಲಿಲ್ಲ.

ಎವ್ರಿ ಡೇ ಬಂತು. ನಾನು ಕಿರುಬೆರಳು ಇಟ್ಟು ನೋಡಿದೆ. ಹಿಡಿಯಲಿಲ್ಲ. ಸರ್ ನನ್ನ ಹಿಂದೆಯೇ ನಿಂತಿದ್ದರು. ನಾನು ಬೆರಳಿಟ್ಟದ್ದನ್ನು ನೋಡಿ, ಹೀಗೆ ನೋಡಬೇಕು, ಇವಳಿಗೆ ಶಿಸ್ತು ಅಂದರೆ ಏನೆಂದು ಗೊತ್ತು ಎಂದು ಕ್ಲಾಸಿಗೆಲ್ಲ ಕೇಳುವಂತೆ ಹೇಳಿದರು. ನಾನು ಕೆಂಪು ಪೆನ್ಸಿಲ್‌ನಿಂದ ಗೆರೆ ಹೊಡೆದೆ. ಹೆದರಿದ್ದೆ ಎಂದು ಬರೆದು ಪಾರಾಗಬಹುದು. ಹೆದರಿಕೆ ಅಲ್ಲ. ಶಾಬಾಸ್ ಬೇಕಾಗಿತ್ತು. ಅವಳು ಯಾವಾಗಲೂ ನನಗಿಂತ ಒಂದು ಅಂಕ ಮುಂದೆ, ಅದೂ ಒಳಗೆ ಕುಟುಕುತ್ತಿತ್ತು. ಮುಂದೆ ಮೇ ಬಿ ಬಂತು, ಎರಡನೆಯ ಗೆರೆ. ಆಲ್ ಟುಗೆದರ್ ಬಂತು. ಎರಡಕ್ಕೆ ನಿಲ್ಲಿಸಬಹುದಾಗಿತ್ತು. ಸರ್ ಆಗ ಮುಂದಿನ ಬೆಂಚಿಗೆ ಹೋಗಿದ್ದರು, ನೋಡುತ್ತಿರಲಿಲ್ಲ. ಆದರೂ ಬೆರಳಿಟ್ಟೆ, ಮೂರನೆಯದನ್ನೂ ಹೊಡೆದೆ. ಎರಡನೆಯ ಗೆರೆಯಿಂದಲೇ ಅವಳು ತನ್ನ ಪೆನ್ಸಿಲ್ ನಿಲ್ಲಿಸಿ ನನ್ನ ಕೈಯನ್ನೇ ನೋಡುತ್ತಿದ್ದಳು. ನನ್ನ ನೋಟ್‌ಬುಕ್ಕಿನ ಕಡೆಗೆ ತಿರುಗಿ ತನ್ನ ಕೆಲಸ ಮಾಡಿದಳು.

ನನಗೆ ಇಪ್ಪತ್ತಕ್ಕೆ ಹತ್ತೊಂಬತ್ತು ಬಂತು. ಒಂದೇ ಗೆರೆ. ಸರ್ ಸಹಿ ಹಾಕಿ ನನ್ನ ಬೆನ್ನು ತಟ್ಟಿದರು. ಅವಳು ನೋಟ್‌ಬುಕ್ ಎತ್ತಿಕೊಂಡು ಹೊರಗೆ ಹೋದಳು.

ಸಂತೆಯ ದಿನ ಅವಳ ಅಪ್ಪ ಸಾಮಾನು ಹೇರಿಕೊಂಡು ಚಕ್ಕಡಿಯಲ್ಲಿ ಅದೇ ರಸ್ತೆಯಿಂದ ತಿರುಗಿ ಹೋಗುತ್ತಿದ್ದರು. ನನಗೆ ಅದು ಗೊತ್ತಿತ್ತು. ಪ್ರತಿ ಮಂಗಳವಾರ ನಾವಿಬ್ಬರೂ ಊರಿಗೆ ಹೋಗುತ್ತಿದ್ದದ್ದೇ ಆ ಚಕ್ಕಡಿಯಲ್ಲಿ. ಅವತ್ತು ಚಕ್ಕಡಿ ಎಂದಿಗಿಂತ ಮುಂಚೆ ಬಂತು. ನಾನು ಕಿಟಕಿಯಿಂದ ನೋಡಿದೆ. ಅವರ ಜೊತೆಗೆ ನಮ್ಮೂರಿನ ಇನ್ನಿಬ್ಬರು ಹಿರಿಯರಿದ್ದರು. ಚಹಾದ ಅಂಗಡಿಯ ಮುಂದಿನವರು ಪಡಸಾಲೆಯ ಕಡೆ ಕೈಮಾಡಿ ಏನೋ ಆಡಿಕೊಂಡು ನಗುತ್ತಿದ್ದರು. ಅವಳ ಅಪ್ಪ ಎತ್ತು ನಿಲ್ಲಿಸಿದರು, ಕೆಳಗಿಳಿದರು, ಪಡಸಾಲೆಗೆ ಬಂದು ಮಗಳ ಕೈಯಿಂದ ನೋಟ್‌ಬುಕ್ ತೆಗೆದುಕೊಂಡು ಮುಚ್ಚಿದರು. ಸರ್‌ಗೆ ಏನೂ ಅನ್ನಲಿಲ್ಲ, ಒಳಗೆ ಹಣಿಕಿಯೂ ನೋಡಲಿಲ್ಲ. ಅವಳು ಹಿಂದೆ ಹಿಂದೆ ನಡೆದು ಚಕ್ಕಡಿ ಹತ್ತಿದಳು. ನನ್ನನ್ನು ಅವತ್ತು ಗಂಡುಹುಡುಗರ ಗುಂಪಿನ ಹಿಂದೆ ನಡೆಸಿಕೊಂಡು ಬರುವ ಹೊಣೆ ಸಾಲಿಯ ಗಂಟೆ ಹೊಡೆಯುವ ಸಿಪಾಯಿಯ ಮೇಲೆ ಬಿತ್ತು.

ಮರುದಿನ ಅವಳು ಬರಲಿಲ್ಲ. ನಾನೂ ಹೋಗಲಿಲ್ಲ, ಯಾಕೆಂದರೆ ನಮ್ಮಪ್ಪ ಕಳಿಸಲಿಲ್ಲ. ಅವ್ವ ಒಲೆಯ ಮುಂದೆ ಕೂತು ಅತ್ತಳು. ಮೂರು ದಿನ ಮನೆಯಲ್ಲಿ ಯಾರೂ ನೆಟ್ಟಗೆ ಉಣ್ಣಲಿಲ್ಲ. ನಾಲ್ಕನೆಯ ದಿನ ನಮ್ಮ ಆಯಿ, ಅಪ್ಪನ ತಾಯಿ, ಕೋಲು ಹಿಡಿದು ಎದ್ದು ನಿಂತಳು. ಯಮನೂರ ಜಾತ್ರಿಗೆ ನಡಕೋತ ಹೋಗಿ ಬಂದಾಕಿ ನಾನು, ಈ ಎರಡು ಮೈಲು ನನಗೇನು ಮಹಾ ಎಂದು ಮಗನ ಬಾಯಿ ಮುಚ್ಚಿಸಿ ನನ್ನ ಕೈ ಹಿಡಿದು ಹೊರಟಳು. ಅವತ್ತಿನಿಂದ ಪರೀಕ್ಷೆಯ ತನಕ ದಿನಾಲೂ ನಡೆದಳು. ಹೋಗಿ ಬೇವಿನ ಮರದ ಕೆಳಗೆ ಕೂತು, ಎಲೆ ಅಡಿಕೆ ಹಾಕಿಕೊಂಡು, ಸಾಲಿ ಬಿಡುವ ತನಕ ಎದುರಿನ ಪಡಸಾಲೆಯನ್ನು ನೋಡುತ್ತ ಸರ್‌ಗೆ ಶಾಪ ಹಾಕುತ್ತಿದ್ದಳು. ಅವರು ಪಡಸಾಲೆಗೆ ಬಂದರೆ ಅವಳ ದನಿ ಏರುತ್ತಿತ್ತು. ಬೆರಳಿಗೆ ನಮ್ಮ ಕಡೆ ಬಟ್ಟ ಎನ್ನುತ್ತಾರೆ.

"ಬಟ್ಟ ಅದಾವ, ಕಣ್ಣಿಲ್ಲ ಇಂವಗ."

ಸರ್ ಕಡೆಕಡೆಗೆ ಪಡಸಾಲೆಗೆ ಬರುವುದನ್ನೇ ಬಿಟ್ಟರು. ಆ ಒಂದು ವಿಷಯ ನೆನಪಾದರೆ ಇಂದಿಗೂ ನನಗೆ ಸಮಾಧಾನವಾಗುತ್ತದೆ.

ಆಯಿಯ ಬಲದಿಂದ ನನಗೂ ಸ್ವಲ್ಪ ಧೈರ್ಯ ಬಂತು. ಟೀಚರ್ಸ್ ರೂಮಿಗೆ ಹೋಗಿ ಸರ್‌ಗೆ ಕೈಮುಗಿದು ಕೇಳಿದೆ: ನೀವು ಒಮ್ಮೆ ನಮ್ಮೂರಿಗೆ ಬಂದು, ಹುಡುಗಿ ಶಾಣ್ಯಾ ಇದ್ದಾಳೆ, ತಪ್ಪು ದೊಡ್ಡದಲ್ಲ ಎಂದು ಅವರ ಅಪ್ಪನಿಗೆ ಹೇಳಿದರೆ ಕಳಿಸುತ್ತಾರೆ, ಪರೀಕ್ಷೆಗಾದರೂ ಕೂಡಿಸುತ್ತಾರೆ. ಸರ್ ಚಹಾದ ಬಸಿಯನ್ನು ಕೆಳಗಿಡಲೂ ಇಲ್ಲ.

"ಗೆರೆ ಹೊಡೆದವಳು ನೀನು. ನಾನು ಯಾಕೆ ಬರಲಿ?"

ಅದು ನಿಜ. ಇದೇ ನನ್ನನ್ನು ಇಂದಿಗೂ ಸುಡುವುದು. ಒಬ್ಬ ದೊಡ್ಡ ಮನುಷ್ಯ ತನ್ನ ಕೈ ಹೊಲಸಾಗಬಾರದೆಂದು ಹದಿನೈದು ವರ್ಷದ ಹುಡುಗಿಯ ಕೈಗೆ ಕೆಂಪು ಪೆನ್ಸಿಲ್ ಕೊಡುತ್ತಾನೆ, ಆಮೇಲೆ ನಿನ್ನ ಕೈ ನೋಡಿಕೋ ಎನ್ನುತ್ತಾನೆ. ಆದರೆ ಆ ಹುಡುಗಿಯೂ ಸಾಚಾ ಅಲ್ಲ. ಸಿಟ್ಟನ್ನು ಎಲ್ಲಿ ಇಡಬೇಕೆಂದು ತಿಳಿಯದೆ ನಾನು ಆ ದಿನವೇ ಸಂಜೆ ಅಂಗಡಿಗೆ ಹೋದೆ. ಅವಳ ಅಪ್ಪ ಒಬ್ಬರೇ ಇದ್ದರು. ಎಲ್ಲವನ್ನೂ ಹೇಳಿದೆ: ಕಾಕಾ, ಅವಳದು ಒಂದೂ ತಪ್ಪಿರಲಿಲ್ಲ, ಒತ್ತಾಗಿ ಬರೆದಿದ್ದಳು ಅಷ್ಟೇ, ತಪ್ಪು ಎಂದು ಗೆರೆ ಹೊಡೆದವಳು ನಾನು. ಬೈದಾರು, ಹೊಡೆದಾರು ಎಂದುಕೊಂಡಿದ್ದೆ. ಅವರು ತಕ್ಕಡಿಯ ಹಗ್ಗ ಸರಿಮಾಡಿದರು.

"ತಪ್ಪಿತ್ತೋ ಇಲ್ಲೋ, ಅದು ಸಾಲಿಯವರ ಮಾತವಾ. ಹೊರಗ ನಿಂತಿದ್ದು ಎಲ್ಲಾರೂ ನೋಡ್ಯಾರ."

ಒತ್ತಾಗಿ ಬರೆದಿದ್ದಳು ಎಂದಾಗ ಅವರು ಒಂದು ಕ್ಷಣ ರದ್ದಿಯ ಗಂಟಿನ ಕಡೆ ನೋಡಿದರು. ಅವರಿಗೆ ಏನೋ ತಾಗಿತು. ಆದರೆ ಮನಸ್ಸು ಬದಲಾಗಲಿಲ್ಲ. ನಮ್ಮಪ್ಪನಾಗಿದ್ದರೂ ಬದಲಾಗುತ್ತಿರಲಿಲ್ಲ, ಇದನ್ನೂ ಹೇಳಬೇಕು. ಒಳ್ಳೆಯ ಅಪ್ಪಂದಿರು ಇಬ್ಬರೂ. ಚಹಾದ ಅಂಗಡಿಯ ಮುಂದೆ ನಕ್ಕ ನಾಲ್ಕು ಜನ ಇವರಿಗೆ ಸ್ವಂತ ಮಗಳಿಗಿಂತ ದೊಡ್ಡವರಾಗಿದ್ದರು.

ಅವಳನ್ನು ನಾನು ಅಷ್ಟು ದಿನ ಭೆಟ್ಟಿಯಾಗಲಿಲ್ಲ. ಮುಖ ಇರಲಿಲ್ಲ ನನಗೆ. ಅವರ ಅಂಗಡಿಯ ಮುಂದೆ ಹಾಯುವುದನ್ನು ಬಿಟ್ಟು ಹಿತ್ತಲಿನ ದಾರಿ ಹಿಡಿದೆ. ಪರೀಕ್ಷೆಗೆ ಹದಿನೈದು ದಿನ ಇರುವಾಗ ಅವ್ವ ಅಂಗಡಿಯಿಂದ ಪುಟಾಣಿ ತಂದಳು. ಚಟ್ನಿಗೆ ಕುಟ್ಟಲೆಂದು ನಾನೇ ಪೊಟ್ಟಣ ಬಿಚ್ಚಿದೆ. ಹಾಳೆಯ ಒಂದು ಮಗ್ಗುಲು ಕಚೇರಿಯ ಟೈಪು. ಇನ್ನೊಂದು ಮಗ್ಗುಲು ಅವಳ ಅಕ್ಷರ, ಮೂರು ಕೆಂಪು ಗೆರೆ. ನೋಟ್‌ಬುಕ್ಕನ್ನು ರದ್ದಿಗೆ ಹಾಕಿದ್ದರು. ಎಲ್ಲಿಂದ ಬಂದಿತ್ತೋ ಅಲ್ಲಿಗೇ.

ಪುಟಾಣಿಯನ್ನು ಹಾಗೇ ಬಿಟ್ಟು ಆ ಹಾಳೆಯನ್ನು ಬಾಗಿಲ ಬೆಳಕಿಗೆ ಹಿಡಿದು ನೋಡಿದೆ. ಎವ್ರಿ ಡೇ ನಡುವಿನ ಜಾಗ ಚೆನ್ನಾಗಿಯೇ ಕಾಣುತ್ತಿತ್ತು. ನನ್ನದನ್ನು ಇದರ ಬಾಜೂ ಇಟ್ಟು ನೋಡಬೇಕೆನ್ನಿಸಿ, ಅದೇ ದಿನ ನಾನು ಬರೆದ ಪುಟ ತೆಗೆದೆ. ಹತ್ತೊಂಬತ್ತು ಬಂದ ಆ ಪುಟವನ್ನು ಅವತ್ತಿನಿಂದ ಮತ್ತೆ ತೆರೆದೇ ಇರಲಿಲ್ಲ. ಒಂದೊಂದಾಗಿ ನೋಡುತ್ತ ಬಂದೆ. ಹನ್ನೊಂದನೆಯ ವಾಕ್ಯದಲ್ಲಿ ಮೇ ಬಿ ಬಿಡಿಸಬೇಕಾದಲ್ಲಿ ನಾನು ಕೂಡಿಸಿದ್ದೆ. ಹದಿನಾರನೆಯದರಲ್ಲಿ ಮಕ್ಕಳೆಲ್ಲ ಒಟ್ಟಿಗೆ ಹಾಡಿದರು ಎನ್ನುವಲ್ಲಿ ಆಲ್‌ಟುಗೆದರ್ ಕೂಡಿಸಿದ್ದೆ. ಇವು ಜಾಗದ ಮಾತಲ್ಲ, ಖಡಾಖಂಡಿತ ತಪ್ಪು. ಎರಡರ ಮುಂದೆಯೂ ಅವಳು ಸರಿ ಹಾಕಿದ್ದಳು. ಆ ಒಂದು ಗೆರೆಯ ಜೊತೆ ಕೂಡಿಸಿದರೆ ಮೂರು ತಪ್ಪು. ನಾನು ಹೊರಗೆ ನಿಲ್ಲಬೇಕಾದವಳು.

ಅವಳಿಗೆ ಕಾಣಲಿಲ್ಲ ಎನ್ನುವ ಹಾಗಿಲ್ಲ. ಆ ಎರಡನ್ನೂ ಹಳ್ಳದ ದಂಡೆಯಲ್ಲಿ ನಿಂತು ನನಗೆ ಹತ್ತು ಸಲ ಹೇಳಿಸಿದವಳೇ ಅವಳು. ನನಗೆ ಎಂಥ ಸಿಟ್ಟು ಬಂತೆಂದರೆ, ಕಾಲಿಗೆ ಚಪ್ಪಲಿಯೂ ಇಲ್ಲದೆ ಅವರ ಮನೆಗೆ ಹೋದೆ. ಅವಳು ಅಂಗಡಿಯ ಒಳಕೋಣೆಯಲ್ಲಿ ಹಾಳೆ ಸುತ್ತಿ ಪೊಟ್ಟಣ ಮಾಡುತ್ತ ಕೂತಿದ್ದಳು. ಎರಡೂ ಪುಟಗಳನ್ನು ಅವಳ ಮುಂದೆ ಚೆಲ್ಲಿ, ಯಾಕ ಸರಿ ಹಾಕಿದಿ ಎಂದು ಜಗಳಕ್ಕೆ ನಿಂತವಳಂತೆ ಕೇಳಿದೆ. ಅವಳು ಪುಟಗಳನ್ನು ನೋಡಿದಳು. ಮೊದಲು ನನ್ನ ತಪ್ಪುಗಳ ಮೇಲೆ ಬೆರಳಿಟ್ಟು, ಇವೆರಡು ಇನ್ನೂ ತಲೆಗೆ ಹೋಗಿಲ್ಲ ನಿನಗೆ ಎಂದಳು. ಆಮೇಲೆ ಹೇಳಿದಳು.

"ನೀ ಮೂರನೇ ಗೆರಿ ಹೊಡದಿದ್ದು ನೋಡಿದ್ನಿ. ಅವತ್ತ ಸಂತಿ, ಅಪ್ಪ ಬಂದೇ ಬರ್ತಾನ ಅಂತ ಗೊತ್ತಿತ್ತು. ನೀನೂ ನಿಂತ್ರ ಇಬ್ಬರ್ದೂ ಸಾಲಿ ಹೋಗ್ತಿತ್ತು. ಒಬ್ಬಾಕಿಯರ ಇರ್ಲಿ ಅಂದ್ನಿ."

ಸಿಕ್ಕಿದ್ದರೆ ಅವಳಿಗೆ ಇನ್ನೂ ಹೆಚ್ಚಿನ ಶಿಕ್ಷೆ ಆಗುತ್ತಿತ್ತಲ್ಲ ಎಂದೆ. ಹೊರಗೆ ಹೋಗುವವಳಿಗೆ ಇನ್ನೇನು ಹೆಚ್ಚಿನದು ಎಂದು ಅವಳು ಕೇಳಿದಳು. ನನ್ನನ್ನು ಒಂದು ಮಾತೂ ಬೈಯಲಿಲ್ಲ. ಬೈದಿದ್ದರೆ, ಆ ಕೆಂಪು ಗೆರೆಗಳನ್ನು ನನ್ನ ಮುಖಕ್ಕೆ ಹಿಡಿದಿದ್ದರೆ, ನಾನು ಅತ್ತು ಹಗುರಾಗುತ್ತಿದ್ದೆ. ಅವಳು ಹಾಗೆ ಮಾಡಲಿಲ್ಲ ಎಂಬುದಕ್ಕೆ ನನಗೆ ಅವಳ ಮೇಲೂ ಸಿಟ್ಟಿದೆ. ಅನ್ಯಾಯದ ಸಿಟ್ಟು ಎಂದು ಗೊತ್ತು, ಆದರೂ ಇದೆ. ಆಮೇಲೆ ಅವಳು ಪೊಟ್ಟಣಗಳನ್ನು ಸರಿಸಿ, ಕೂಡು, ಹೇಳು ನೋಡೂಣು ಎಂದು ಮೊದಲಿನಿಂದ ಪಟ್ಟಿ ಕೇಳಿದಳು. ಆ ಹದಿನೈದು ದಿನ ನಾನು ಸಂಜೆಗೊಮ್ಮೆ ಅಲ್ಲಿಗೆ ಹೋದೆ. ಅವಳ ಅಪ್ಪ ನೋಡಿಯೂ ನೋಡದಂತೆ ಇರುತ್ತಿದ್ದರು.

ಮರುವರ್ಷ ಅವಳನ್ನು ಯರಗುಪ್ಪಿಗೆ ಮದುವೆ ಮಾಡಿಕೊಟ್ಟರು. ನಾನು ಕಾಲೇಜು ಮುಗಿಸಿ ಟೀಚರ್ ಆದೆ. ಮೂವತ್ತು ವರ್ಷದಲ್ಲಿ ಒಂದು ದಿನವೂ ಮಕ್ಕಳ ಕೈಯಿಂದ ಮಕ್ಕಳ ನೋಟ್‌ಬುಕ್ ತಿದ್ದಿಸಲಿಲ್ಲ. ಕಣ್ಣು ಹೋದರೂ ಸರಿ, ನಾನೇ ತಿದ್ದಿದೆ. ಒಬ್ಬರನ್ನೂ ಹೊರಗೆ ನಿಲ್ಲಿಸಲಿಲ್ಲ. ಅದನ್ನು ದೊಡ್ಡಸ್ತಿಕೆಗೆ ಹೇಳುತ್ತಿಲ್ಲ. ಅದರಿಂದ ಯಾವುದೂ ತಿರುಗಿ ಬರಲಿಲ್ಲ.

ಆ ವರ್ಷದ ಎಸ್ಸೆಸ್ಸೆಲ್ಸಿಯ ಇಂಗ್ಲಿಷ್ ಪರೀಕ್ಷೆ ನವಲಗುಂದದಲ್ಲಿ ಆಯಿತು. ಪ್ರಶ್ನೆಪತ್ರಿಕೆ ಕೈಗೆ ಬಂದೊಡನೆ ನಾನು ಹುಡುಕಿದ್ದು ಆ ಜೋಡಿಗಳನ್ನು. ರಜೆ ಕೇಳಿ ಹೆಡ್‌ಮಾಸ್ತರರಿಗೆ ಪತ್ರ ಇತ್ತು, ಆಕಳ ಮೇಲೆ ಪ್ರಬಂಧ ಇತ್ತು, ಬಿಟ್ಟ ಸ್ಥಳ ತುಂಬುವುದಿತ್ತು. ಪುಟ ತಿರುಗಿಸಿ ಮತ್ತೆ ತಿರುಗಿಸಿ ನೋಡಿದೆ. ನಲವತ್ತು ಜೋಡಿಗಳಲ್ಲಿ ಒಂದೇ ಒಂದು ಬಂದಿರಲಿಲ್ಲ. ಆ ಮನುಷ್ಯ ಎದುರಿಗಿದ್ದರೆ ಮಸಿಕುಡಿಕೆ ಎತ್ತಿ ಒಗೆಯುತ್ತಿದ್ದೆನೋ ಏನೋ. ಬರೆಯುವುದನ್ನು ಬರೆದು ಹೊರಗೆ ಬಂದೆ.

ಬಸ್ಸಿಳಿದು, ಆಯಿಯ ಜೊತೆ ಎರಡು ಮೈಲು ನಡೆದು ಊರು ಮುಟ್ಟುವಾಗ ಹೊತ್ತು ಇಳಿದಿತ್ತು. ಅವಳು ಅಂಗಡಿಯ ಹೊಸ್ತಿಲಲ್ಲೇ ಕೂತಿದ್ದಳು. ತೊಡೆಯ ಮೇಲೆ ಹಾಳೆಗಳ ರಾಶಿ, ಕೈ ತನ್ನ ಪಾಡಿಗೆ ಪೊಟ್ಟಣ ಸುತ್ತುತ್ತಿತ್ತು. ಬೆಳಿಗ್ಗೆಯಿಂದ ಅಲ್ಲೇ ಕೂತಿದ್ದಾಳೆ ಎಂದು ಅವಳ ಅವ್ವ ಒಳಗಿಂದ ಹೇಳಿದರು. ಪೇಪರ್ ಹೇಗಿತ್ತು ಎಂದು ಅವಳು ಕೇಳಲಿಲ್ಲ. ನೇರವಾಗಿ ಕೇಳಿದ್ದು ಇದನ್ನೇ.

"ಪಟ್ಟಿ ಒಳಗಿಂದು ಬಂದಿತ್ತೇನ?"

ನಾನು ಅವಳ ಮುಖ ನೋಡಿದೆ.

"ಬಂದಿತ್ತು."

"ಎಷ್ಟು?"

"ನಾಕು."

"ಎವ್ರಿ ಡೇ?"

"ಅದೂ ಬಂದಿತ್ತು."

"ನಡುವ ಜಾಗಾ ಬಿಟ್ಟಿ ಇಲ್ಲೋ?"

"ಬಿಟ್ನಿ ಬೇ. ಒಂದು ಬಟ್ಟ ಹಿಡಿಯೂವಷ್ಟು ಬಿಟ್ನಿ."

"ಚೊಲೋ ಆತು," ಎಂದು ಅವಳು ಇನ್ನೊಂದು ಹಾಳೆ ತೆಗೆದುಕೊಂಡಳು.